ತೃಪ್ತಿಗೆ ಬಂದ ಫೋನು

ಮಾನ್ಯ ಅಧ್ಯಕ್ಷರಾದ ಶ್ರೀ ಚಂದ್ರಮೋಹನ ಅವರೇ, ಸಂಘದ ಕಾರ್ಯದರ್ಶಿ ಶ್ರೀಮತಿ ನೀರಜಾ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ರಸ್ತೆಯ ಮೇಲೆ ವರ್ಷದ ಮೊದಲ ಹಿಮ ಬಿದ್ದಿದ್ದರೂ ಆ ಕಡೆ ವಿಟ್ಬಿಯಿಂದ, ಈ ಕಡೆ ಕ್ಲೈನ್‌ಬರ್ಗಿನಿಂದ ಗಾಡಿ ಹೊಡೆದುಕೊಂಡು ಟೊರೊಂಟೊದ ನಮ್ಮ ರೆಕ್ಸ್‌ಡೇಲಿಗೆ ಬಂದಿರುವ ಪ್ರೀತಿಯ ಸಭಿಕರೇ, ಹಿಂದಿನ ಸಾಲಿನಲ್ಲಿ ಕುಳಿತು ಫೋನು ನೋಡುತ್ತಿರುವ ಮಕ್ಕಳೇ, ನಿಮಗೆಲ್ಲರಿಗೂ ಈ ತಿಪ್ಪಣ್ಣನ ಶರಣು.

ಅಧ್ಯಕ್ಷರು ನನಗೆ ಏಳು ನಿಮಿಷ ಕೊಟ್ಟಿದ್ದಾರೆ. ಅವರು ಬೆಂಗಳೂರಿನವರು, ಸಾಫ್ಟ್‌ವೇರಿನವರು. ಅವರಿಗೆ ಏಳು ಅಂದರೆ ಏಳೇ. ನಾನು ಬೈಲಹೊಂಗಲದ ಕಡೆಯವನು. ನಮ್ಮ ಕಡೆ ಭಾಷಣಕ್ಕೆ ನಿಂತವನು ಮೈಕಿನ ಮೇಲೆ ಬೆರಳು ಬಡಿದು, "ಕೇಳಸ್ತೈತೇನ್ರೀ?" ಅಂತ ಕೇಳುವುದಕ್ಕೇ ಏಳು ನಿಮಿಷ ಬೇಕು. ಆದರೂ ಪ್ರಯತ್ನ ಮಾಡುತ್ತೇನೆ.

ಇವತ್ತು ನೀವು ನನ್ನ ಮಗಳು ತೃಪ್ತಿಗೆ ಸನ್ಮಾನ ಮಾಡಿದ್ದೀರಿ. ಹದಿಮೂರು ವರ್ಷ ಬಾಸ್ಕೆಟ್‌ಬಾಲನ್ನೇ ಕಸುಬು ಮಾಡಿಕೊಂಡು, ಒಂಬತ್ತು ದೇಶಗಳಲ್ಲಿ ಆಡಿ, ಈ ಮೇ ತಿಂಗಳಲ್ಲಿ ಆಟ ಬಿಟ್ಟು ಮನೆಗೆ ಬಂದಿದ್ದಾಳೆ. ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ. ಪೇಟ ತೊಡಿಸುವಾಗ ಅಧ್ಯಕ್ಷರಿಗೆ ಕೈ ಎಟುಕಲಿಲ್ಲ, ಅವಳೇ ಬಗ್ಗಬೇಕಾಯಿತು. ಅದನ್ನು ನೋಡಿ ನೀವೆಲ್ಲಾ ನಕ್ಕಿರಿ. ನನಗೂ ನಗು ಬಂತು.

ನನ್ನ ಕೈಯಲ್ಲಿರುವ ಈ ಹಾಳೆಯನ್ನು ಹಿರಿಯ ಮಗಳು ಸಂಜನಾ ಬರೆದುಕೊಟ್ಟಿದ್ದಾಳೆ. "ಅಪ್ಪಾ, ಇದನ್ನ ಓದಿ ಕೆಳಗ ಇಳಿ, ಬ್ಯಾರೆ ಏನೂ ಮಾತಾಡಬ್ಯಾಡ" ಅಂತ ತಾಕೀತು ಮಾಡಿದ್ದಾಳೆ. ಓದುತ್ತೇನೆ. "ತೃಪ್ತಿ ಹತ್ತೊಂಬತ್ತುನೂರಾ ತೊಂಬತ್ತರಲ್ಲಿ ಟೊರೊಂಟೊದಲ್ಲಿ ಜನಿಸಿದಳು. ತಿಪ್ಪಣ್ಣ ಮತ್ತು ಚನ್ನಬಸವ್ವ ದಂಪತಿಗಳ ಮೂರನೆಯ ಪುತ್ರಿ."

ಮೂರನೆಯ ಪುತ್ರಿ. ಹೌದು. ನಮ್ಮ ಕಡೆ ಹಿಂದೆ ಸಾಲಾಗಿ ಹೆಣ್ಣು ಹುಟ್ಟಿದರೆ ಕೊನೆಯವಳಿಗೆ ಸಾಕವ್ವ ಅಂತ ಹೆಸರಿಡುತ್ತಿದ್ದರು. ದೇವರೇ, ಇನ್ನು ಸಾಕು ಅಂತ. ಕೆನಡಾದಲ್ಲಿ ಹಾಗೆ ಇಡುವುದಕ್ಕಾಗುತ್ತದೆಯೇ? ಅದಕ್ಕೆ ನಾನು ಮರ್ಯಾದೆಯ ಹೆಸರು ಹುಡುಕಿ ತೃಪ್ತಿ ಅಂತ ಇಟ್ಟೆ. ಎಲ್ಲರೂ ಎಂಥಾ ಚಂದದ ಹೆಸರು ಅಂದರು... ಈ ಮಾತು ಹಾಳೆಯಲ್ಲಿ ಇರಲಿಲ್ಲ. ಸಂಜನಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಇರಲಿ, ಮುಂದೆ ಹೋಗೋಣ.

ಹದಿನೈದು ತುಂಬುವಷ್ಟರಲ್ಲಿ ತೃಪ್ತಿ ಆರಡಿ ಒಂದಿಂಚು ಬೆಳೆದಳು. ನಾನು ಐದೂವರೆ ಅಡಿ, ನನ್ನ ಹೆಂಡತಿ ಐದಡಿ. ಬಂದವರೆಲ್ಲಾ ಕೇಳುತ್ತಿದ್ದರು, "ಈ ಎತ್ತರ ಯಾರಿಂದ ಬಂತ್ರೀ?" ನಾನು "ಕೆನಡಾದ ಹಾಲಿನಿಂದ" ಅಂತ ಹೇಳಿ ನಗಿಸುತ್ತಿದ್ದೆ. ಅದು ಸುಳ್ಳು. ಎತ್ತರ ಯಾರದು ಅಂತ ನನಗೆ ಗೊತ್ತಿತ್ತು. ನನ್ನ ಅಣ್ಣ ವೀರಭದ್ರಪ್ಪನದು.

ಸಭಿಕರೇ, ನಾನು ಈ ದೇಶಕ್ಕೆ ಬಂದು ಮೂವತ್ತೆಂಟು ವರ್ಷ ಆಯಿತು. ನಿಮ್ಮಲ್ಲಿ ಎಷ್ಟೋ ಜನ ನನ್ನ ಮನೆಯಲ್ಲಿ ಊಟ ಮಾಡಿದ್ದೀರಿ. ಆದರೆ ನನಗೊಬ್ಬ ಅಣ್ಣ ಇದ್ದ ಅಂತ ನಿಮಗೆ ಯಾರಿಗಾದರೂ ಗೊತ್ತಿತ್ತೇ? ಇಲ್ಲ. ನಾನು ಹೇಳಿರಲಿಲ್ಲ.

ಅವನು ಪೈಲವಾನ. ಆರಡಿ ಎರಡಿಂಚು ಆಳು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಬೆಳಗಾವಿಯಲ್ಲಿ ಆಡಿದ, ಸಾಂಗಲಿಯಲ್ಲಿ ಆಡಿದ, ಮೀರಜ್, ಕೊಲ್ಲಾಪುರ, ಎಲ್ಲಿ ಕುಸ್ತಿ ಇದ್ದರೆ ಅಲ್ಲಿಗೆ ಹೋಗುತ್ತಿದ್ದ. ದೊಡ್ಡ ಹೆಸರಿನವನಲ್ಲ. ದೊಡ್ಡ ಹೆಸರಿನವರ ಕುಸ್ತಿ ಶುರುವಾಗುವ ಮೊದಲು ಜನರನ್ನು ಹಿಡಿದು ಕೂರಿಸುವುದಕ್ಕೆ ಆಡಿಸುತ್ತಾರಲ್ಲ, ಅಂಥವನು. ಅವನಿಗೆ ಇಪ್ಪತ್ತೊಂಬತ್ತು ವರ್ಷವಿದ್ದಾಗ ಒಂದು ಕುಸ್ತಿಯಲ್ಲಿ ಎದುರಾಳಿ ಎತ್ತಿ ಹಾಕಿದ. ಕುತ್ತಿಗೆಯ ಮೇಲೆ ಬಿದ್ದ. ಯಾರದೂ ತಪ್ಪಲ್ಲ, ಆಟ ಅದು. ಆದರೆ ಅವತ್ತಿನಿಂದ ಅವನಿಗೆ ಕೈ ಇಲ್ಲ, ಕಾಲಿಲ್ಲ. ಹನ್ನೊಂದು ವರ್ಷ ಹಾಸಿಗೆ ಮೇಲೆ ಇದ್ದ. ಅವನು ಬಿದ್ದಾಗ ನನಗೆ ಹತ್ತೊಂಬತ್ತು. ಎತ್ತಿ ಮಗ್ಗುಲು ತಿರುಗಿಸುತ್ತಿದ್ದವನು ನಾನು, ಮೈ ಒರೆಸುತ್ತಿದ್ದವನು ನಾನು. ಮೊದಲ ವರ್ಷ ಎತ್ತುವುದಕ್ಕೆ ಇಬ್ಬರು ಬೇಕಾಗುತ್ತಿದ್ದರು. ಕೊನೆಕೊನೆಗೆ ನಾನೊಬ್ಬನೇ ಒಂದು ಕೈಯಲ್ಲಿ ಎತ್ತುತ್ತಿದ್ದೆ. ಅವನು ಯಾವಾಗಲೂ ಅನ್ನುತ್ತಿದ್ದ, "ತಮ್ಮಾ, ಮೈ ನಂಬಿ ದುಡೀಬ್ಯಾಡೋ. ಮೈ ಮೋಸ ಮಾಡ್ತೈತಿ."

ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ ನಾನು ಇಲ್ಲಿಗೆ ಬಂದೆ. ಬಂದು ಏನು ಮಾಡಿದೆ? ಏರ್‌ಪೋರ್ಟಿನ ಪಕ್ಕದ ಗೋಡೌನಿನಲ್ಲಿ ಇಪ್ಪತ್ತೆಂಟು ವರ್ಷ ಸಾಮಾನು ಇಳಿಸಿದೆ, ಏರಿಸಿದೆ, ಫೋರ್ಕ್‌ಲಿಫ್ಟ್ ಓಡಿಸಿದೆ. ಮೈ ನಂಬಿಯೇ ದುಡಿದೆ. ಅದಕ್ಕೇ ಮಕ್ಕಳು ಕುರ್ಚಿಯ ಮೇಲೆ ಕೂತು ದುಡಿಯಬೇಕು ಅಂತ ಹಠ ನನಗೆ. ಸಂಜನಾ ಫಾರ್ಮಸಿಸ್ಟ್ ಆದಳು. ಎರಡನೆಯವಳು ರಾಜಲಕ್ಷ್ಮಿ ಲೆಕ್ಕಪತ್ರ ಕಲಿತಳು. ಮೂರನೆಯವಳ ಎತ್ತರ ನೋಡಿ ಶಾಲೆಯ ಜಮೈಕಾದ ಪಿ.ಟಿ. ಟೀಚರು ಕೈಗೆ ಚೆಂಡು ಕೊಟ್ಟರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಚೆನ್ನಾಗಿಯೇ ಆಡಿದಳು. ಆಟದ ಮೇಲೆಯೇ ಅಮೆರಿಕದ ಕಾಲೇಜಿನಲ್ಲಿ ಪುಕ್ಕಟೆ ಓದಿದಳು. ನನಗೆ ಖುಷಿ ಆಯಿತು. ಓದು ಮುಗಿಯಿತು, ಇನ್ನು ಆಟ ಮುಗಿಯಿತು ಅಂದುಕೊಂಡೆ. ಅವಳು "ಅಪ್ಪಾ, ಪೋರ್ಚುಗಲ್‌ನಲ್ಲಿ ಒಂದು ಟೀಮು ಕರೀತಿದೆ" ಅಂದಳು. ಆಡುವುದು ಕೆಲಸವೇ? ನಿಮ್ಮನ್ನೇ ಕೇಳುತ್ತೇನೆ. ಎರಡು ಸಾವಿರದ ಹನ್ನೆರಡರಲ್ಲಿ ಯಾರಾದರೂ ನಿಮ್ಮ ಮಗಳು ಏನು ಮಾಡುತ್ತಿದ್ದಾಳೆ ಅಂದರೆ, "ಪೋರ್ಚುಗಲ್ಲಿನಲ್ಲಿ ಚೆಂಡಾಟ ಆಡುತ್ತಿದ್ದಾಳೆ" ಅಂತ ನೀವು ಹೇಳುತ್ತಿದ್ದಿರೇ? ನಾನು ಹೇಳಲಿಲ್ಲ. "ಯುರೋಪಿನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾಳೆ" ಅಂದೆ. ಈ ಸಭೆಯಲ್ಲಿಯೇ ನಲವತ್ತು ಐವತ್ತು ಜನರಿಗೆ ಹೇಳಿದ್ದೇನೆ. ಆರು ವರ್ಷ ಹೇಳಿದೆ. ಕೊನೆಗೆ ನಮ್ಮ ಸದಾಶಿವ ಅವರು, ಅಗೋ ಅಲ್ಲಿ ಕೂತಿದ್ದಾರೆ, ಬಹಳ ಕಳಕಳಿಯಿಂದ ಕೇಳಿದರು, "ತಿಪ್ಪಣ್ಣಾ, ಹುಡುಗಿ ಫೇಲಾಗಾಕತ್ತಾಳೇನೋ?"

ನಗಿರಿ, ನಗಿರಿ. ನಾನೂ ಈಗ ನಗಬಲ್ಲೆ.

ಇಲ್ಲಿಂದ ಮುಂದೆ ಹಾಳೆಯಲ್ಲಿ ಅವಳು ಆಡಿದ ದೇಶಗಳ ಹೆಸರಿದೆ. ಅದನ್ನು ಆಮೇಲೆ ಓದುತ್ತೇನೆ. ಮೊದಲು ಒಂದು ಫೋನಿನ ವಿಷಯ ಹೇಳಬೇಕು. ಹೇಳುತ್ತೇನೆ ಅಂತ ತೃಪ್ತಿಗೂ ಹೇಳಿಲ್ಲ. ಆದರೆ ನೀವು ಶಾಲು ಹೊದಿಸುವಾಗ ನನಗೆ ಅನ್ನಿಸಿತು, ಇಷ್ಟು ಜನ ಎದುರಿಗೆ ಇರುವಾಗ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬರೀ ಹೊಗಳಿ ಇಳಿದರೆ ಅದೂ ಇನ್ನೊಂದು ಮಾಸ್ಟರ್ಸ್ ಡಿಗ್ರಿ ಕಥೆಯೇ ಆಗುತ್ತದೆ.

ಎರಡು ಸಾವಿರದ ಹದಿಮೂರು, ಏಪ್ರಿಲ್ ತಿಂಗಳು. ತೃಪ್ತಿ ಪೋರ್ಚುಗಲ್ಲಿನಲ್ಲಿ ಒಂದು ವರ್ಷ ಆಡಿ ಮನೆಗೆ ಬಂದಿದ್ದಳು. ರಾಜಲಕ್ಷ್ಮಿ ತನ್ನ ಪರಿಚಯದವರ ಮೂಲಕ ಮಿಸ್ಸಿಸಾಗದ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ ನೋಡಿದ್ದಳು. ಇಂಟರ್‌ವ್ಯೂ ಆಗಿತ್ತು. ಕುರ್ಚಿ, ಟೇಬಲ್ಲು, ಹೀಟಿಂಗು, ಎಲ್ಲಾ ಇರುವ ಕೆಲಸ. ತೃಪ್ತಿ "ನೋಡ್ತೀನಿ" ಅಂದಿದ್ದಳು. "ನೋಡ್ತೀನಿ" ಅಂದದ್ದೇ ನನಗೆ ಹಬ್ಬ.

ಅವತ್ತು ಬೆಳಿಗ್ಗೆ ಹತ್ತು ಗಂಟೆ. ನನಗೆ ಮಧ್ಯಾಹ್ನದ ಶಿಫ್ಟು, ಮನೆಯಲ್ಲಿ ನಾನೊಬ್ಬನೇ. ಸ್ನಾನ ಮಾಡಿ ಹೊರಗೆ ಬಂದಾಗ ಅಡುಗೆಮನೆಯ ಆನ್ಸರಿಂಗ್ ಮಷೀನಿನ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಒತ್ತಿದೆ. ಒಬ್ಬ ಹೆಣ್ಣುಮಗಳ ಧ್ವನಿ. ಅಮೆರಿಕದ ದೊಡ್ಡ ಲೀಗಿನ ಒಂದು ತಂಡದ ಸಹಾಯಕ ಕೋಚ್. ತೃಪ್ತಿಯನ್ನು ತರಬೇತಿ ಶಿಬಿರಕ್ಕೆ ಕರೆಯುತ್ತಿದ್ದೇವೆ, ಬರುವ ವಾರ ಶುರು, ಈ ನಂಬರಿಗೆ ಫೋನು ಮಾಡಲಿ ಅಂತ. ದೊಡ್ಡ ಲೀಗು ಅಂದರೆ ಆಟದಲ್ಲಿ ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಶಿಬಿರಕ್ಕೆ ಹದಿನೆಂಟು ಇಪ್ಪತ್ತು ಜನರನ್ನು ಕರೆಯುತ್ತಾರೆ, ಹನ್ನೆರಡು ಜನರನ್ನು ಇಟ್ಟುಕೊಳ್ಳುತ್ತಾರೆ.

ನಾನು ಅದನ್ನು ನಾಲ್ಕು ಸಲ ಕೇಳಿದೆ. ಕುರ್ಚಿಯ ಮೇಲೆ ಕೂತು ಕೇಳಿದೆ, ಎದ್ದು ನಿಂತು ಕೇಳಿದೆ. ನನ್ನ ಕಣ್ಣ ಮುಂದೆ ಮಗಳು ಬರಲಿಲ್ಲ ಸಭಿಕರೇ. ವೀರಭದ್ರಪ್ಪನ ಹಾಸಿಗೆ ಬಂತು. ಎತ್ತರದ ಆಳು, ಮಲಗಿ ಮಲಗಿ ಸಣ್ಣಗಾದ ಕಾಲು ಬಂತು.

ಐದನೆಯ ಸಲ ನಾನು ಬೇರೆ ಗುಂಡಿ ಒತ್ತಿದೆ. ಮೆಸೇಜು ಅಳಿಸಿಹೋಯಿತು. ಕೆಂಪು ದೀಪ ಆರಿತು. ಡಬ್ಬಿ ಕಟ್ಟಿಕೊಂಡು ಶಿಫ್ಟಿಗೆ ಹೋದೆ.

... ಹಿಂದಿನ ಸಾಲಿನ ಮಕ್ಕಳೂ ಫೋನು ಕೆಳಗಿಟ್ಟಿದ್ದಾರೆ. ಅಧ್ಯಕ್ಷರೇ, ಏಳು ನಿಮಿಷ ಆಗಿರಬಹುದು. ಇನ್ನು ಸ್ವಲ್ಪ ಕೊಡಿ.

ಮೂರು ದಿನ ಬಿಟ್ಟು ತೃಪ್ತಿ ಹೇಳಿದಳು, "ಅಪ್ಪಾ, ಅಮೆರಿಕದಲ್ಲಿ ಕಾಲೇಜು ಫ್ರೆಂಡ್ ಮದುವೆ ಐತಿ, ಹತ್ತು ದಿನ ಹೋಗಿ ಬರ್ತೀನಿ." ಹೋಗಿ ಬಾ ಅಂದೆ. ಹೋದಳು, ಬಂದಳು. ಬಂದವಳು ಕೆಲಸ ಬೇಡ ಅಂದಳು. ಚಳಿಗಾಲಕ್ಕೆ ಮೊದಲೇ ರುಮೇನಿಯಾದ ಒಂದು ಸಣ್ಣ ಊರಿನ ತಂಡ ಸೇರಿ ಹೊರಟುಹೋದಳು. ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ದೊಡ್ಡ ಲೀಗಿನ ಬಾಗಿಲನ್ನು ನಾನೇ ಮುಚ್ಚಿದೆ, ಕುರ್ಚಿಯ ಕೆಲಸವೂ ಸಿಗಲಿಲ್ಲ. ಇನ್ನು ಹುಡುಗಿ ಸಣ್ಣ ಸಣ್ಣ ಊರು ಅಲೆಯುತ್ತಾಳೆ, ಥೇಟ್ ನನ್ನ ಅಣ್ಣನ ಹಾಗೆ. ಅವಳನ್ನು ಅಲೆಯುವುದಕ್ಕೆ ಹಚ್ಚಿದವನು ನಾನೇ.

ರುಮೇನಿಯಾ ಆಯಿತು, ಪೋಲೆಂಡ್ ಆಯಿತು. ಲಕ್ಸೆಂಬರ್ಗಿನಲ್ಲಿ ಅರ್ಧ ವರ್ಷ. ಸ್ಲೊವಾಕಿಯಾದಲ್ಲಿ ಹೊಸ ಕೋಚ್ ಬಂದ ಮರುದಿನ "ನೀನು ಬೇಡ" ಅಂದರು. ಆಸ್ಟ್ರೇಲಿಯಾದ ಒಂದು ಊರಿನಲ್ಲಿ ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಲಿಸಿ ಸಂಜೆ ಆಡಿದಳು. ಎಲ್ಲಿ ಹೋದರೂ ಹತ್ತು ತಿಂಗಳ ಕರಾರು, ಎರಡು ಸೂಟ್‌ಕೇಸು. ಎಲ್ಲಿಂದ ಫೋನು ಮಾಡಿದರೂ ಮೊದಲ ಮಾತು, "ಅಪ್ಪಾ, ಐ ಆಮ್ ಫೈನ್." ಅವಳು ಫೈನ್ ಅಂದಾಗೆಲ್ಲಾ ನನಗೆ ಆ ಕೆಂಪು ದೀಪ ನೆನಪಾಗುತ್ತಿತ್ತು.

ತಪ್ಪು ಮಾಡಿದವನು ಏನು ಮಾಡುತ್ತಾನೆ? ನಾನು ಆಟ ಕಲಿತೆ. ಅಲ್ಲಿಯ ಸಂಜೆ ಅಂದರೆ ನಮಗೆ ಮಧ್ಯಾಹ್ನ. ಗೋಡೌನಿನ ಲಂಚ್ ರೂಮಿನಲ್ಲಿ ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಆನಿಸಿಟ್ಟು ನೋಡುತ್ತಿದ್ದೆ. ಪಂಜಾಬಿ ಗೆಳೆಯರು, ಫಿಲಿಪ್ಪೀನ್ಸಿನವರು, ಎಲ್ಲರೂ ಸುತ್ತ ಸೇರುತ್ತಿದ್ದರು. "ಅಂಕಲ್, ಬೇಟೀ ಕಹಾಂ ಹೈ?" ಬೇಟಿ ಬಹುಪಾಲು ಬೆಂಚಿನ ಮೇಲೆ. ಒಳಗೆ ಬಂದರೂ ಚೆಂಡು ಅವಳ ಕೈಗೆ ಕಡಿಮೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಫಿಲಿಪ್ಪೀನ್ಸಿನ ಒಬ್ಬ ಗೆಳೆಯ ತಿಳಿಸಿ ಹೇಳಿದ: ಚೆಂಡು ನೋಡಬೇಡ ಅಂಕಲ್, ಮಗಳನ್ನು ನೋಡು. ನೋಡಿದೆ. ಅವಳು ಗೋಡೆಯ ಹಾಗೆ ನಿಂತು ಎದುರಾಳಿಯನ್ನು ತಡೆಯುತ್ತಾಳೆ. ಆ ಸಂದಿನಲ್ಲಿ ಅವಳ ಜೊತೆಗಾರ್ತಿ ನುಸುಳಿ ಹೋಗಿ ಚೆಂಡು ಹಾಕುತ್ತಾಳೆ. ಚಪ್ಪಾಳೆ ಜೊತೆಗಾರ್ತಿಗೆ. ಇವಳು ಆಗಲೇ ಓಡಿ ವಾಪಸ್ಸು ಬಂದಿರುತ್ತಾಳೆ.

ಇಂಥ ಆಟಗಾರರಿಗೆ ಇಂಗ್ಲಿಷಿನಲ್ಲಿ ಜರ್ನಿಮನ್ ಅನ್ನುತ್ತಾರಂತೆ. ನಾನು ಪ್ರಯಾಣಿಕ, ಅಲೆಮಾರಿ ಅಂತ ತಿಳಿದಿದ್ದೆ. ಬೇಜಾರಾಗಿತ್ತು. ಆಮೇಲೆ ನಮ್ಮ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ತನ್ನ ಲೈಸೆನ್ಸು ತೋರಿಸಿದ. ಅದರಲ್ಲೂ ಜರ್ನಿಮನ್ ಅಂತಲೇ ಇದೆ. ಅಂದರೆ ಕೆಲಸ ಪೂರ್ತಿ ಕಲಿತವನು, ಎಲ್ಲಿ ಬೇಕಾದರೂ ಹೋಗಿ ಮಾಡಬಲ್ಲವನು. ನಮ್ಮ ಭಾಷೆಯಲ್ಲಿ ಕಸುಬುದಾರ. ಅವತ್ತಿನಿಂದ ನಾನು ಮಾಸ್ಟರ್ಸ್ ಡಿಗ್ರಿ ಸುಳ್ಳು ಬಿಟ್ಟೆ. ಸದಾಶಿವ ಅವರಿಗೆ ಮೊದಲು ಫೋನು ಮಾಡಿ ಹೇಳಿದೆ.

ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿಯಲ್ಲಿ ನಾನು ಮತ್ತು ಚನ್ನಬಸವ್ವ ಫಿನ್‌ಲ್ಯಾಂಡಿಗೆ ಹೋದೆವು. ಕಸುಬುದಾರ್ತಿಯ ಕಸುಬನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಈ ಸಭಾಂಗಣದಷ್ಟೇ ದೊಡ್ಡ ಜಿಮ್ಮು, ಮುನ್ನೂರು ಜನ. ತೃಪ್ತಿಯನ್ನು ಕೊನೆಯ ಭಾಗದಲ್ಲಿ ಒಳಗೆ ಬಿಟ್ಟರು. ಎದುರಿನ ತಂಡದ ದೊಡ್ಡ ಹುಡುಗಿಯೊಬ್ಬಳು ಚೆಂಡು ಹಿಡಿದು ಬಿರುಗಾಳಿಯ ಹಾಗೆ ಬಂದಳು. ಎಲ್ಲರೂ ಸರಿದರು. ನನ್ನ ಮಗಳು ಸರಿಯಲಿಲ್ಲ. ಎರಡು ಕಾಲೂರಿ, ಕೈ ಎದೆಗಿಟ್ಟುಕೊಂಡು ನಿಂತೇ ಇದ್ದಳು. ಡಿಕ್ಕಿ ಹೊಡೆದ ಸಪ್ಪಳ ನಮ್ಮ ತನಕ ಕೇಳಿತು. ಅಂಗಾತ ಬಿದ್ದಳು.

ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿಕೊಂಡೇ ಇದ್ದೆ. ಎದ್ದಳೋ ಇಲ್ಲವೋ ನೋಡುವ ಧೈರ್ಯ ಇಲ್ಲ. ಚನ್ನಬಸವ್ವ ನನ್ನ ತೊಡೆ ಚಿವುಟಿ, "ರೀ, ಕಣ್ಣ ತಗೀರಿ, ಎದ್ಲು, ನಗಾಕತ್ತಾಳ" ಅಂದಳು. ಕಣ್ಣು ತೆರೆದರೆ ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ಹಾಗೆ ಅಲುಗದೆ ನಿಂತು ಡಿಕ್ಕಿ ಹೊಡೆಸಿಕೊಂಡರೆ ತಪ್ಪು ಎದುರಾಳಿಯದಂತೆ, ಚೆಂಡು ನಮ್ಮದಂತೆ. ಬೀಳುವುದಕ್ಕೂ ಒಂದು ವಿದ್ಯೆ ಇದೆಯಂತೆ, ಗದ್ದ ಎದೆಗೆ ಒತ್ತಿ, ಕುತ್ತಿಗೆ ನೆಲಕ್ಕೆ ತಾಗದ ಹಾಗೆ. ಆಟ ಮುಗಿದ ಮೇಲೆ ಅವಳೇ ತೋರಿಸಿದಳು. ನನ್ನ ಅಣ್ಣನಿಗೆ ಯಾರಾದರೂ ಕಲಿಸಿದ್ದರೋ ಇಲ್ಲವೋ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಸಣ್ಣ ಜಿಮ್ಮಿನಲ್ಲಿ ಅಷ್ಟು ದೊಡ್ಡ ಮನಸ್ಸಿನಿಂದ ಆಡುವವಳನ್ನು ನೋಡಿ, ಇವಳು ಎಲ್ಲಿ ಆಡಬೇಕಾಗಿತ್ತು ಅನ್ನಿಸಿ ನನ್ನ ಬಾಯಿ ಕಟ್ಟಿತು. ಇನ್ನೂ ಆರು ವರ್ಷ ಕಟ್ಟಿತು.

ಈ ಮೇ ತಿಂಗಳು ಫೋನು ಬಂತು. "ಅಪ್ಪಾ, ಐ ಆಮ್ ಡನ್. ಮನೆಗೆ ಬರ್ತೀನಿ." ಏರ್‌ಪೋರ್ಟಿನ ಬಾಗಿಲಲ್ಲಿ ನಿಂತಿದ್ದೆ. ಎರಡೂ ಸೂಟ್‌ಕೇಸನ್ನು ತಾನೇ ಎಳೆದುಕೊಂಡು, ತನ್ನ ಕಾಲಿನ ಮೇಲೆ ತಾನು ನಡೆದುಕೊಂಡು ಬಂದಳು. ಸಭಿಕರೇ, ನಾನು ಅವಳ ಭುಜ ಮುಟ್ಟಿ ನೋಡಿದೆ, ಕುತ್ತಿಗೆ ಮುಟ್ಟಿ ನೋಡಿದೆ. "ವಾಟ್ ಆರ್ ಯೂ ಡೂಯಿಂಗ್, ಅಪ್ಪಾ?" ಅಂತ ನಕ್ಕಳು. ಹದಿಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಒಂದು ಕಲ್ಲು ಆ ಬಾಗಿಲಲ್ಲಿ ಇಳಿಯಿತು. ಉಳಿದದ್ದು ಇನ್ನೊಂದು.

ಆಗಸ್ಟಿನಲ್ಲಿ ಒಂದು ದಿನ ಸಂಜನಾಳ ಮನೆಗೆ ವಿಟ್ಬಿಗೆ ಹೊರಟಿದ್ದೆವು, ನಾನು ತೃಪ್ತಿ ಇಬ್ಬರೇ. ಅವಳೇ ಓಡಿಸುತ್ತಿದ್ದಳು. ನಾಲ್ಕುನೂರಾ ಒಂದನೇ ಹೆದ್ದಾರಿಯ ಮೇಲೆ ಮುಂದೆಲ್ಲೋ ಆಕ್ಸಿಡೆಂಟು, ಗಾಡಿಗಳೆಲ್ಲಾ ನಿಂತುಬಿಟ್ಟಿದ್ದವು. ಅವಳು ಸುಮ್ಮನೆ ಹೇಳಿದಳು, ಇಲ್ಲಿಯ ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಸಹಾಯಕ ಕೋಚ್ ಕೆಲಸ ಕೊಡುತ್ತಿದ್ದಾರೆ ಅಂತ. ಸಹಾಯಕ ಕೋಚ್! ಆ ಶಬ್ದ ಕೇಳಿ ನನಗೆ ತಡೆಯಲಿಲ್ಲ. ನಿಂತ ಗಾಡಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಮಷೀನು, ಮೆಸೇಜು, ಗುಂಡಿ. ವೀರಭದ್ರಪ್ಪನದೂ ಹೇಳಿದೆ. ದೊಡ್ಡಪ್ಪ ಒಬ್ಬ ಇದ್ದ ಅಂತ ಅವಳಿಗೂ ಅವತ್ತೇ ಗೊತ್ತಾದದ್ದು.

ಗಾಡಿಗಳು ಹೊರಟವು. ಅವಳು ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಒಂದು ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿದಳು. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದಳು:

"ಅಪ್ಪಾ, ನಾ ಹೋಗಿದ್ದೆ."

"ಎಲ್ಲಿಗೆ?"

"ಕ್ಯಾಂಪಿಗೆ. ಅವ್ರು ಈಮೇಲೂ ಕಳಿಸಿದ್ರು. ಫ್ರೆಂಡ್ ಮದುವೆ ಅಂತ ಹೇಳಿ ಹೋದ್ನಲ್ಲ, ಅದು ಮದುವೆ ಅಲ್ಲ, ಕ್ಯಾಂಪು. ನೈನ್ತ್ ಡೇ ಮಾರ್ನಿಂಗ್ ಕಟ್ ಮಾಡಿದ್ರು, ಮನಿಗೆ ಕಳಿಸಿದ್ರು."

ಸಭಿಕರೇ, ಹನ್ನೆರಡು ವರ್ಷ! ಒಂದು ಹುಡುಗಿಯ ಬಾಳು ಹಾಳು ಮಾಡಿದೆ ಅಂತ ನಾನು ಹನ್ನೆರಡು ವರ್ಷ ಸುಟ್ಟುಕೊಂಡಿದ್ದೇನೆ. ಆ ಹುಡುಗಿ ಹೋಗಿ, ಆಡಿ, ಸೋತು, ಮನೆಗೆ ಬಂದು ನನ್ನ ಎದುರಿಗೇ ಮೂರು ಜೋಳದ ರೊಟ್ಟಿ ತಿಂದು ಮಲಗಿದ್ದಳು. ಮದುವೆಯಲ್ಲಿ ಕುಣಿದು ದಣಿದಿದ್ದಾಳೆ ಅಂದುಕೊಂಡಿದ್ದೆ! ನನಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. "ನನಗ ಯಾಕ ಹೇಳಲಿಲ್ಲವ್ವಾ?" ಅಂದೆ.

ಅವಳು ನನ್ನ ಕಡೆ ತಿರುಗಿದಳು. "ಸೋತ್ನಿ ಅಂತ ಹೇಳಿದ್ರ ನಿನಗ ಖುಷಿ ಆಗ್ತಿತ್ತಪ್ಪಾ. ಅದನ್ನ ನೋಡಾಕ ನನಗ ಆಗ್ತಿರಲಿಲ್ಲ."

ನೀವು ತಂದೆಯರು ಕೂತಿದ್ದೀರಿ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅವಳು ಹೇಳಿದ್ದು ನಿಜ. ನನಗೆ ಖುಷಿ ಆಗುತ್ತಿತ್ತು.

ಆಮೇಲೆ ಅವಳು ಇನ್ನೊಂದು ಮಾತು ಅಂದಳು. "ಈಮೇಲ್ ಬರ್ತದ ಅಂತ ನಿನಗ ಗೊತ್ತಿರಲಿಲ್ಲ, ಆ ಫೋನು ಒಂದ ಅಂತ ತಿಳಿದಿದ್ದಿ. ಯೂ ಡಿಲೀಟೆಡ್ ಇಟ್ ಎನಿವೇ." ಅಷ್ಟೇ. ಗಾಡಿ ಶುರು ಮಾಡಿದಳು. ವಿಟ್ಬಿಗೆ ಹೋದೆವು, ಊಟ ಮಾಡಿದೆವು, ವಾಪಸ್ಸು ಬಂದೆವು. ನಾಲ್ಕು ದಿನ ನನ್ನ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದಳು. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ. "ಹೂಂ", "ಉಹೂಂ", "ಉಪ್ಪು ಕೊಡು."

ಆ ನಾಲ್ಕು ದಿನದಲ್ಲಿ ಇನ್ನೊಂದು ವಿಷಯವೂ ಹೊರಗೆ ಬಂತು. ನಾನು ಹೋಗಿ ಹೆಂಡತಿಗೆ ಎಲ್ಲಾ ಹೇಳಿದೆ. ಚನ್ನಬಸವ್ವ ಕೇಳಿ, ಸೆರಗಿನಿಂದ ಕೈ ಒರೆಸಿಕೊಂಡು, "ಕ್ಯಾಂಪಿಂದು ನನಗ ಗೊತ್ತಿತ್ತು. ಫೋನಿಂದು ಗೊತ್ತಿರಲಿಲ್ಲ" ಅಂದಳು. ಮಗಳು ತಾಯಿಗೆ ಹೇಳಿಯೇ ಹೋಗಿದ್ದಳು. ಅವತ್ತು ತಾಯಿಯೇ ಚೀಲದಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು. ಗೆಳತಿಯ ಮದುವೆಗೆ ಯಾರಾದರೂ ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆಯೇ? ಅವತ್ತೇ ನನಗೆ ಅನುಮಾನ ಬರಬೇಕಿತ್ತು. ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ವಿಷಯ. ಅರ್ಧ ನನ್ನ ಹೊಟ್ಟೆಯಲ್ಲಿ, ಅರ್ಧ ಅವರ ಹೊಟ್ಟೆಯಲ್ಲಿ.

ಐದನೆಯ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಮೆಂತ್ಯ ಸೊಪ್ಪು ಕೀಳುತ್ತಿದ್ದೆ. ತೃಪ್ತಿ ಬಂದು ಮೆಟ್ಟಿಲ ಮೇಲೆ ಕೂತಳು. ಕೂತವಳು ಕೇಳಿದಳು, "ಅಪ್ಪಾ, ಆ ಮೆಸೇಜಿನ್ಯಾಗ ಅವ್ರು ಏನಂದಿದ್ರು?"

ನಾನು ಹೇಳಿದೆ. ನಾಲ್ಕು ಸಲ ಕೇಳಿದ್ದೆನಲ್ಲ, ಹನ್ನೆರಡು ವರ್ಷದಲ್ಲಿ ಒಂದು ಶಬ್ದವೂ ಮರೆತಿರಲಿಲ್ಲ. ಮರೆಯುವುದಕ್ಕೆ ಬಿಡಲಿಲ್ಲ ಅದು. ಇಂಗ್ಲಿಷಿನಲ್ಲಿತ್ತು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ತೃಪ್ತಿ, ನಿನ್ನ ಹೆಸರು ಸರಿಯಾಗಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೇನೆ. ಪೋರ್ಚುಗಲ್ಲಿನ ನಿನ್ನ ಹನ್ನೊಂದು ಆಟಗಳ ವೀಡಿಯೊ ನೋಡಿದೆ. ಅಂಕಗಳ ಪಟ್ಟಿಯಲ್ಲಿ ನಿನ್ನ ಹೆಸರು ಎಲ್ಲೋ ಕೆಳಗಿದೆ. ಆದರೆ ನೀನು ಒಳಗಿದ್ದಾಗ ಉಳಿದ ನಾಲ್ವರೂ ಧೈರ್ಯವಾಗಿ ಆಡುತ್ತಾರೆ. ಅದನ್ನು ನಾನು ಮತ್ತೆ ಮತ್ತೆ ನೋಡಿದೆ. ಅಂಥವರು ನಮಗೆ ಬೇಕು. ಶಿಬಿರಕ್ಕೆ ಬಾ."

ನಾನು ಮುಗಿಸಿ ನೋಡಿದರೆ ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. "ಇನ್ನೊಮ್ಮೆ ಹೇಳು" ಅಂದಳು. ಹೇಳಿದೆ. "ಇನ್ನೊಮ್ಮೆ." ಹೇಳಿದೆ. ಮೂರನೆಯ ಸಲ ನನ್ನ ಇಂಗ್ಲಿಷ್ ಉಚ್ಚಾರ ತಿದ್ದಿದಳು.

ಆಮೇಲೆ ಹೇಳಿದಳು, "ಈಮೇಲಿನ್ಯಾಗ ಇದ್ಯಾವುದೂ ಇರಲಿಲ್ಲಪ್ಪಾ. ದಿನಾಂಕ, ಜಾಗ, ಶೂ ಸೈಜು, ಅಷ್ಟ. ಅಲ್ಲಿ ಒಂಬತ್ತು ದಿನ ಇದ್ದೆ, ಯಾಕ ಕರದ್ರು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನನ್ನ ಯಾರೋ ತಪ್ಪಾಗಿ ಕರದಿರಬೇಕು ಅಂತ ಇಷ್ಟು ವರ್ಷ ಅನ್ಕೊಂಡಿದ್ದೆ."

ನಾನು ಮೆಂತ್ಯ ಸೊಪ್ಪು ಹಿಡಿದುಕೊಂಡೇ ನಿಂತಿದ್ದೆ. ಅವಳ ಅವಕಾಶ ಕಸಿದೆ ಅಂದುಕೊಂಡಿದ್ದೆ, ಅದನ್ನು ನಾನು ಕಸಿದಿರಲಿಲ್ಲ. ಆದರೆ ಒಂಬತ್ತು ದೇಶದ ಬೆಂಚಿನ ಮೇಲೆ ಕೂತಾಗ ಅವಳ ಜೊತೆಗಿರಬೇಕಾಗಿದ್ದ ನಾಲ್ಕು ಮಾತು ನನ್ನ ತಲೆಯೊಳಗೆ ಬಿದ್ದಿದ್ದವು. ಹನ್ನೆರಡು ವರ್ಷ ತಡವಾಗಿ, ಹಿತ್ತಲಲ್ಲಿ, ಕೆಟ್ಟ ಉಚ್ಚಾರದಲ್ಲಿ ಮುಟ್ಟಿಸಿದೆ. ಮುಟ್ಟಿದವಲ್ಲ, ಅಷ್ಟು ಸಾಕು ನನಗೆ.

ಕ್ಷಮಿಸಿದೆ ಅಂತ ಅವಳು ಅಂದಿಲ್ಲ. ಕ್ಷಮಿಸು ಅಂತ ನಾನು ಅಂದಿದ್ದೇನೆ. ಅವಳು ಏನು ಅಂದಳು ಗೊತ್ತೇ? "ಕೋಚಿಂಗ್ ಕೆಲಸಕ್ಕ ಹೂಂ ಅಂತೀನಿ. ಬೆಂಚ್ ಮ್ಯಾಲೆ ಕೂತ ಹುಡುಗ್ಯಾರಿಗೆ ನಾ ಫೋನ್ ಮಾಡ್ತೀನಿ. ಈಮೇಲ್ ಅಲ್ಲ." ಅಂದು ಒಳಗೆ ಹೋದಳು. ಸೆಪ್ಟೆಂಬರಿನಿಂದ ಕೆಲಸ ಮಾಡುತ್ತಿದ್ದಾಳೆ. ಹೋದ ವಾರ ಸಂಜೆ ಸೋಫಾದ ಮೇಲೆ ಕೂತು ಯಾರೋ ಹುಡುಗಿಗೆ ಫೋನಿನಲ್ಲಿ, ನೀನು ಯಾಕೆ ಬೇಕು ಅಂತ ವಿವರವಾಗಿ ಹೇಳುತ್ತಿದ್ದಳು. ನಾನು ಟೀವಿ ಸಣ್ಣದು ಮಾಡಿದೆ.

ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಮುಗಿಸುತ್ತೇನೆ. ಹಾಳೆಯಲ್ಲಿ ಉಳಿದದ್ದನ್ನು ಸಂಜನಾ ಸಂಘದ ಪತ್ರಿಕೆಗೆ ಕೊಡುತ್ತಾಳೆ. ನನ್ನ ಮಗಳನ್ನು ಕರೆದು ಶಾಲು ಹೊದಿಸಿದ ಸಂಘಕ್ಕೆ, ಬೆಳಿಗ್ಗೆಯಿಂದ ಕೆಳಗೆ ಬೇಸ್‌ಮೆಂಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿರುವ ತಾಯಂದಿರಿಗೆ, ನಮ್ಮ ಮನೆಯ ಮಾತನ್ನು ನಿಮ್ಮ ಮನೆಯ ಮಾತಿನಂತೆ ಕೇಳಿದ ನಿಮಗೆಲ್ಲರಿಗೂ ನನ್ನ ತುಂಬುಹೃದಯದ ಧನ್ಯವಾದ. ಊಟಕ್ಕೆ ಹೋಗುವಾಗ ಯಾರಾದರೂ ನನ್ನ ಅಣ್ಣನ ಬಗ್ಗೆ ಕೇಳಿದರೆ ಹೇಳುತ್ತೇನೆ, ಬಹಳ ಕಥೆ ಇವೆ, ನಗುವ ಕಥೆಯೂ ಇವೆ.

ಮುಂದಿನ ಸಾಲಿನಲ್ಲಿ ತೃಪ್ತಿ ಎದ್ದು ನಿಂತಿದ್ದಾಳೆ. ಸಿಟ್ಟಿಗೆ ಎದ್ದಳೋ, ಬೇರೆ ಯಾತಕ್ಕೋ, ನನ್ನ ಚಸ್ಮಾ ಮಂಜಾಗಿ ಇಲ್ಲಿಂದ ಕಾಣಿಸುತ್ತಿಲ್ಲ. ಬಾರವ್ವಾ, ಮ್ಯಾಲೆ ಬಾ. ಈ ಮೆಟ್ಟಿಲು ಸ್ವಲ್ಪ ಎತ್ತರ ಐತಿ, ನನ್ನ ಕೈ ಹಿಡಿದು ಇಳಿಸು.

ಎಲ್ಲರಿಗೂ ನಮಸ್ಕಾರ.